ಅಮ್ಮನ ಪಕ್ಕದ ಕ್ಯಾಬಿನ್

ಹಡಗಿನ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ಅದು ಸುರುಳಿ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ಟೊಮೆಟೊ ಸಾಸಿನ ಬಾಟಲಿ, ಮೂರನೆಯದಕ್ಕೆ ಕನ್ನಡಕದ ಪೆಟ್ಟಿಗೆ, ನಾಲ್ಕನೆಯದಕ್ಕೆ ತನ್ನ ಮೊಣಕೈ ಇಟ್ಟು, ನೆವಿಲ್ ಬೆಳಗಿನ ಎಂಟೂವರೆಯಿಂದ ತನ್ನ ಮನೆಯವರನ್ನು ಮಲಗಿಸುತ್ತಿದ್ದ. ಅಣ್ಣ ಕೀತ್ ಮತ್ತು ಅವನ ಹೆಂಡತಿ ಯೋಲಾಂಡ. ತಂಗಿ ಗ್ಲೆನಿಸ್ ಮತ್ತು ಅವಳ ಮೂವತ್ತು ದಾಟಿದ ಮಗಳು ಟ್ಯಾಮ್ಸಿನ್. ಎಂಬತ್ತೇಳರ ಅಮ್ಮ. ಅರವತ್ತಮೂರರ ತಾನು. ಎಲ್ಲರೂ ದೊಡ್ಡವರು, ಆದ್ದರಿಂದಲೇ ಮಲಗಿಸುವುದು ಕಷ್ಟ. ಮಕ್ಕಳನ್ನಾದರೆ ನಿದ್ದೆ ಹತ್ತಿದ ಮೇಲೆ ಎತ್ತಿಕೊಂಡು ಹೋಗಿ ಎಲ್ಲಾದರೂ ಹಾಕಬಹುದು. ಏಜೆನ್ಸಿಯವರು ಇವತ್ತು ಸಂಜೆ ಐದರವರೆಗೆ ಮಾತ್ರ ಕ್ಯಾಬಿನ್‌ಗಳನ್ನು ಹಿಡಿದಿಟ್ಟಿರುತ್ತಾರೆ. ಕಳೆದ ಕ್ರಿಸ್‌ಮಸ್ ಊಟದಲ್ಲಿ, ಮೂರನೆಯ ಗ್ಲಾಸಿನ ನಂತರ, ಕೀತ್ ಎದ್ದು ನಿಂತು ಅಮ್ಮನ ಹುಟ್ಟುಹಬ್ಬಕ್ಕೆ ಎಲ್ಲರೂ ಒಂದೇ ಹಡಗಿನಲ್ಲಿ ನೂಮೆಯಾ, ವಿಲಾ ಅಂತ ಪೆಸಿಫಿಕ್ ದ್ವೀಪಗಳನ್ನೆಲ್ಲ ಸುತ್ತಿ ಬರೋಣ, ಕೊನೆಯ ಸಲ ಎಲ್ಲರೂ ಒಟ್ಟಿಗೆ, ಎಂದಿದ್ದ. ಸೀಗಡಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತದೆ, "ಕೊನೆಯ ಸಲ ಯಾರಿಗೆ?" ಎಂದು ಕೇಳಿದ್ದಳು. ಎಲ್ಲರೂ ನಕ್ಕಿದ್ದರು. ನಗು ಮುಗಿಯುವ ಮೊದಲೇ ಗ್ಲೆನಿಸ್, "ಕ್ಯಾಬಿನ್ ವಿಷಯ ನೆವ್ ನೋಡ್ಕೊಳ್ಲಿ, ಅವನಿಗೆ ಫಾರಂ ತುಂಬೋದು ಅಂದ್ರೆ ಇಷ್ಟ" ಎಂದಿದ್ದಳು. ಯಾವ ಮನುಷ್ಯನಿಗೂ ಫಾರಂ ತುಂಬುವುದು ಇಷ್ಟವಿರುವುದಿಲ್ಲ ಎಂಬ ಉತ್ತರ ಅವನಿಗೆ ಜನವರಿ ಎರಡನೆಯ ವಾರ ಹಲ್ಲುಜ್ಜುವಾಗ ಹೊಳೆಯಿತು.

ಆದರೆ ನಕ್ಷೆ ಓದುವುದು ಇಷ್ಟವಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಮೂವತ್ತೆಂಟು ವರ್ಷ ನಗರಸಭೆಯ ಒಳಚರಂಡಿ ವಿಭಾಗದಲ್ಲಿ ಅವನು ಮಾಡಿದ್ದು ಅದನ್ನೇ. ಜನ ಮನೆ ಕೊಳ್ಳುವಾಗ ಕಿಟಕಿ ನೋಡುತ್ತಾರೆ, ಕಿಟಕಿಯಾಚೆಯ ಮರ ನೋಡುತ್ತಾರೆ. ಕೆಳಗೆ ಏನು ಹರಿಯುತ್ತದೆ, ಮೇಲೆ ಏನು ಉರುಳುತ್ತದೆ ಎಂದು ಯಾರೂ ಕೇಳುವುದಿಲ್ಲ. ಹಡಗೂ ಅಷ್ಟೆ. ಅವನು ಎಂಟನೆಯ ಡೆಕ್ಕಿನ ಮೇಲೆ ಒಂಬತ್ತನೆಯದರ ಹಾಳೆ, ಅದರ ಮೇಲೆ ಹತ್ತನೆಯದರ ಹಾಳೆ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂಬತ್ತರ ಮಧ್ಯದಲ್ಲಿ ಒಂದು ಚಂದದ ಬಾಲ್ಕನಿ ಕ್ಯಾಬಿನ್ ಇತ್ತು. ಅದರ ನೆತ್ತಿಯ ಮೇಲೆ ಸರಿಯಾಗಿ ತಿಂಡಿಯ ಹಾಲ್. ಬೆಳಿಗ್ಗೆ ಐದಕ್ಕೆ ಕೆಲಸದವರು ಮುನ್ನೂರು ಕುರ್ಚಿಗಳನ್ನು ನೆಲದ ಮೇಲೆ ಎಳೆಯುತ್ತಾರೆ. ಹೋಬಾರ್ಟಿನ ಒಬ್ಬ ಹೆಂಗಸು ಇಂಟರ್‌ನೆಟ್ಟಿನಲ್ಲಿ ಬರೆದಿದ್ದಳು, ಎಂಟು ರಾತ್ರಿಯೂ ಬೆಳಗಿನ ಜಾವಕ್ಕೆ ತನ್ನ ತಲೆಬುರುಡೆಯನ್ನೇ ಯಾರೋ ಎಳೆದಾಡಿದ ಹಾಗಾಗುತ್ತಿತ್ತು ಅಂತ. ನೆವಿಲ್ ಅದನ್ನು ಎರಡು ಸಲ ಓದಿ, ಆ ಚೌಕದೊಳಗೆ ಪೆನ್ಸಿಲ್ಲಿನಲ್ಲಿ ಅಚ್ಚುಕಟ್ಟಾಗಿ 'ಕೀತ್, ಯೋಲಾಂಡ' ಎಂದು ಬರೆದ. ಹೊಟ್ಟೆಯಲ್ಲಿ ಬೆಚ್ಚಗಾಯಿತು. ಬಾಲ್ಕನಿ ಇದೆ, ಸಮುದ್ರ ಇದೆ, ಲಿಫ್ಟ್ ಹತ್ತಿರ. ಯಾರೂ ಬೊಟ್ಟು ಮಾಡಿ ತೋರಿಸುವಂತಿಲ್ಲ. ಇಷ್ಟು ಕಣ್ಣಿಗೆ ಕಾಣದಂಥ ಕೆಟ್ಟತನ ತನಗೆ ಸಾಧ್ಯವೆಂದು ಅವನಿಗೇ ಗೊತ್ತಿರಲಿಲ್ಲ. ಆ ಬಿಸುಪು ಸ್ವಲ್ಪ ಹೊತ್ತಿನಲ್ಲೇ ಎದೆಯುರಿಯಾಗಿ ಮೇಲೆ ಬಂತು. ಒಂದು ಮಾತ್ರೆ ಚಪ್ಪರಿಸಿದ.

ಚಿಕ್ಕಂದಿನಲ್ಲಿ ರಜೆಗೆ ಹೋಗುತ್ತಿದ್ದ ಯಾಂಬಾದ ಕಡಲತೀರದಲ್ಲಿ, ಕಾರಿಗೆ ಕಟ್ಟಿ ಎಳೆದೊಯ್ಯುವ ಕಾರವಾನಿನೊಳಗೆ ನಾಲ್ಕೇ ಹಾಸಿಗೆ. ಪ್ರತಿ ಜನವರಿ ಅಪ್ಪ ಅಮ್ಮನಿಗೆ ಎರಡು, ಕೀತ್‌ಗೆ ಒಂದು, ಗ್ಲೆನಿಸ್ ಹೆಣ್ಣುಮಗು ಅಂತ ಅವಳಿಗೊಂದು. ನೆವ್ ಹೊರಗೆ, ಕಾರವಾನಿಗೆ ಕಟ್ಟಿದ ಟಾರ್ಪಾಲಿನ ಕೆಳಗೆ, ಐಸ್ ಪೆಟ್ಟಿಗೆಯ ಪಕ್ಕ. ಐಸ್ ಕರಗಿ ಬೆಳಗಾಗುವಷ್ಟರಲ್ಲಿ ಚಾಪೆಯ ಅಂಚು ಒದ್ದೆ. ಕೀತ್ ಒಳಗಿನಿಂದ ಸಣ್ಣ ಕಿಟಕಿ ತೆರೆದು ಕಿತ್ತಳೆ ಸಿಪ್ಪೆ ಎಸೆಯುತ್ತಿದ್ದ. "ನೆವ್‌ಗೆ ಪರವಾಗಿಲ್ಲ" ಎಂದು ಅಮ್ಮ ಪಕ್ಕದ ಕಾರವಾನಿನವರಿಗೆ ಹೇಳುತ್ತಿದ್ದಳು, ಮೆಚ್ಚಿಕೊಂಡೇ, ಕೈಯಲ್ಲಿ ಚಹಾ ಹಿಡಿದು. ಆರು ವರ್ಷದ ಹುಡುಗನಿಗೆ ಆ ಮೆಚ್ಚುಗೆ ಹಾಸಿಗೆಗಿಂತ ದೊಡ್ಡದಾಗಿ ಕಂಡಿತ್ತು. ಹನ್ನೆರಡಾದಾಗ ಅದೇ ಅವನ ಸ್ವಭಾವವೆಂದು ಎಲ್ಲರೂ ತಿಳಿದಿದ್ದರು. ಹತ್ತೊಂಬತ್ತಾದಾಗ ಅವನೂ.

ಭಾನುವಾರದಿಂದ ಫೋನುಗಳು ಬರುತ್ತಿದ್ದವು, ಒಬ್ಬೊಬ್ಬರದೇ, ಒಬ್ಬರಿಗೆ ಇನ್ನೊಬ್ಬರ ಸುದ್ದಿ ಗೊತ್ತಿಲ್ಲದೆ. ಎಲ್ಲರಿಗೂ ಒಂದೇ ಒಂದು ಸಣ್ಣ ಕೋರಿಕೆ. ಟ್ಯಾಮ್ಸಿನ್ ತಾನು ತಡವಾಗಿ ಬಂದರೆ ಬಾಗಿಲ ಸದ್ದಿಗೆ ಅಜ್ಜಿಗೆ ಎಚ್ಚರವಾದೀತು, ಆದ್ದರಿಂದ ಅಜ್ಜಿಯ ಪಕ್ಕ ಬೇಡ ಎಂದು ಸಂದೇಶ ಕಳಿಸಿದಳು, ಕೊನೆಗೊಂದು ಕೆಂಪು ಹೃದಯ. ಯೋಲಾಂಡಳಿಗೆ ಬೆಳಗಿನ ಪ್ರಾಣಾಯಾಮ. ಗೋಡೆಯಾಚೆ ಯಾರಾದರೂ ಉಸಿರಾಟದ ಸದ್ದು ಕೇಳಿ ಗಾಬರಿಪಟ್ಟರೆ ಕಷ್ಟ. ಗ್ಲೆನಿಸ್‌ಗೆ ಬೆನ್ನು. ಬೆನ್ನಿಗೂ ಅಮ್ಮನಿಗೂ ಏನು ಸಂಬಂಧವೆಂದು ಅವಳು ಇಪ್ಪತ್ತು ನಿಮಿಷ ವಿವರಿಸಿದಳು. ಎಲ್ಲವೂ ಅಮ್ಮನ ಒಳ್ಳೆಯದಕ್ಕೇ. ಇಷ್ಟೊಂದು ಕಾಳಜಿಯ ಮಧ್ಯೆ ಎಂಬತ್ತೇಳರ ಹೆಂಗಸನ್ನು ಹಡಗಿನ ಯಾವ ಮೂಲೆಯಲ್ಲಿಟ್ಟರೂ ಅದರ ಸುತ್ತ ಮೂರು ಕ್ಯಾಬಿನ್ ಖಾಲಿ ಬಿಡಬೇಕಾಗಿತ್ತು. ಆಗ ಅವನು, ಮಂಗಳವಾರ ಸಂಜೆ, ಗ್ಲೆನಿಸ್‌ಗೆ ಹೇಳಿದ: "ನಾನೇ ಅಮ್ಮನ ಜೊತೆ ಇರ್ತೀನಿ ಬಿಡು. ಒಂದೇ ಕ್ಯಾಬಿನ್ನಲ್ಲಿ."

ಆ ಕಡೆ ಒಂದು ಕ್ಷಣ ಮೌನ. "ಓ ನೆವ್," ಎಂದಳು ಗ್ಲೆನಿಸ್, "ನಿನ್ನಂಥವನು ಇನ್ನೊಬ್ಬನಿಲ್ಲ ಕಣೋ."

ಆ ಮಾತನ್ನು ಅವನು ಎರಡು ದಿನದಿಂದ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದ. ಆದರೆ ನಿಜ ಹೇಳಬೇಕೆಂದರೆ, ಮೇಜಿನ ಮುಂದೆ ಒಬ್ಬನೇ ಇರುವಾಗ ನಿಜ ಹೇಳಿಕೊಳ್ಳಲು ಅಡ್ಡಿಯೇನು, ಅವನಿಗೆ ಬೇಕಾಗಿದ್ದುದು ಅಮ್ಮ ಅಲ್ಲ. ಎಂಟನೆಯ ಡೆಕ್ಕಿನ ಹಿಂಭಾಗದ ಮೂಲೆಯಲ್ಲಿ, ಹಡಗಿನ ಬೆನ್ನಿಗೆ ಅಂಟಿಕೊಂಡ ಒಂದು ಕ್ಯಾಬಿನ್. ಮೇಲೂ ಮಲಗುವ ಕೋಣೆ, ಕೆಳಗೂ ಮಲಗುವ ಕೋಣೆ, ಬಾಲ್ಕನಿ ಉಳಿದವುಗಳ ಎರಡರಷ್ಟು. ತನಗೊಬ್ಬನಿಗೆ ಅಂಥದ್ದನ್ನು ಕೇಳಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಅಮ್ಮನಿಗೆ ಅಂತ ಕೇಳಬಹುದು. ಅಮ್ಮ ಏಳೂವರೆಗೆ ಮಲಗುತ್ತಾಳೆ. ಅವನು ಗಾಜಿನ ಬಾಗಿಲು ಸರಿಸಿ, ಹೊರಗೆ ಕೂತು, ಒಂದು ತಣ್ಣನೆಯ ಬಿಯರ್ ಹಿಡಿದು, ಹಡಗು ನೀರಿನ ಮೇಲೆ ಬಿಟ್ಟುಹೋಗುವ ಬಿಳಿ ದಾರಿಯನ್ನು ನೋಡುತ್ತಾನೆ. ಈ ಚಿತ್ರದಲ್ಲಿ ಅಮ್ಮ ಒಳಗೆಲ್ಲೋ, ಮಡಿಸಿಟ್ಟ ಹೊದಿಕೆಯಂತೆ, ಸದ್ದಿಲ್ಲದೆ ಇದ್ದಳು. ಬೆಳಿಗ್ಗೆ ತಿಂಡಿಗೆ ಹೋದಾಗ ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದರು. ರಾತ್ರಿ ನಿದ್ದೆ ಆಯ್ತಾ, ಪಾಪ, ಎನ್ನುತ್ತಿದ್ದರು. ಅವನು ಕಣ್ಣುಜ್ಜಿಕೊಳ್ಳುತ್ತಿದ್ದ.

ಒಂಬತ್ತೂವರೆಗೆ ಕೀತ್‌ನ ಫೋನ್. ಗೋಲ್ಡ್ ಕೋಸ್ಟಿನಲ್ಲಿ ಮೂವತ್ತು ವರ್ಷ ಹಲ್ಲಿನ ಡಾಕ್ಟರಾಗಿದ್ದವನು, ಈಗಲೂ ಮಾತನಾಡುವಾಗ ಎದುರಿನವರ ಬಾಯಿ ತೆರೆದೇ ಇದೆ, ಉತ್ತರ ಹೇಳಲಾರರು ಎಂಬ ಧಾಟಿ.

"ನೆವ್, ಮಾರಾಯ, ನಮ್ಮ ಬಗ್ಗೆ ತಲೆ ಕೆಡಿಸ್ಕೋಬೇಡ. ಎಲ್ಲಿ ಬೇಕಾದ್ರೂ ಹಾಕು. ಎಂಜಿನ್ ಮೇಲೆ ಹಾಕಿದ್ರೂ ನಡೆಯುತ್ತೆ. ನಾನು ತಲೆ ದಿಂಬಿಗಿಟ್ರೆ ಹೆಣ."

ನೆವಿಲ್ ಪೆನ್ಸಿಲ್ ಕೆಳಗಿಟ್ಟ. "ಯೋಲಾಂಡ?"

"ಅವಳಾ? ಇಪ್ಪತ್ತು ವರ್ಷದಿಂದ ಕಿವಿಗೆ ಮೇಣ ಇಟ್ಕೊಂಡೇ ಮಲಗೋದು. ನನ್ನ ಗೊರಕೆ ತಡೆಯೋಕೆ. ಮನೆಗೆ ಬೆಂಕಿ ಬಿದ್ರೂ ಅವಳಿಗೆ ಗೊತ್ತಾಗಲ್ಲ." ಕೀತ್ ನಕ್ಕ. "ಒಂದೇ ಒಂದು ವಿಷಯ. ಅಮ್ಮನ ಪಕ್ಕ ಬೇಡ. ಅವಳಿಗೋಸ್ಕರ ಹೇಳ್ತಿದೀನಿ. ನನ್ನ ಗೊರಕೆ ಗೋಡೆ ದಾಟುತ್ತೆ."

"ಅಮ್ಮನ ಜೊತೆ ನಾನಿರ್ತೀನಿ."

"ಹೂಂ, ಗ್ಲೆನ್ ಹೇಳಿದ್ಲು. ಒಳ್ಳೇದು, ಒಳ್ಳೇದು," ಎಂದ ಕೀತ್, ಯಾಕೋ ಅವಸರದಲ್ಲಿ, "ಅಮ್ಮನ ಹತ್ರ ಮಾತಾಡಿದ್ಯಾ? ಇಲ್ವಾ? ಮಾತಾಡು. ಸರಿ, ಇಡ್ತೀನಿ."

ನೆವಿಲ್ ಒಂಬತ್ತನೆಯ ಡೆಕ್ಕಿನ ಆ ಚೌಕವನ್ನೇ ನೋಡುತ್ತ ಕೂತ. ಮುನ್ನೂರು ಕುರ್ಚಿ, ಬೆಳಿಗ್ಗೆ ಐದು, ಒಂದು ಹೆಣ, ಒಂದು ಮೇಣದ ಕಿವಿ. ಐವತ್ತು ವರ್ಷ ಕಾದು ಕೊಟ್ಟ ಏಟು ತಲುಪಬೇಕಾದ ಮೈಯನ್ನು ಮುಟ್ಟುವುದೇ ಇಲ್ಲ. ಅಳಿಸಲೆಂದು ರಬ್ಬರ್ ಹುಡುಕಿದ. ಆಮೇಲೆ, ಇರಲಿ, ಎಂದುಕೊಂಡ.

ಹನ್ನೊಂದಕ್ಕೆ ಅಮ್ಮ ಬಂದಳು. ಗುರುವಾರ ಅವಳ ಕೂದಲಿನ ದಿನ. ಯಾರೋ ಕರೆದುಕೊಂಡು ಹೋಗುತ್ತಾರೆ, ಯಾರೋ ಕರೆದುಕೊಂಡು ಬರುತ್ತಾರೆ, ಬಹುಶಃ ಚರ್ಚಿನವರು, ಎಂದು ನೆವಿಲ್ ತಿಳಿದಿದ್ದ, ಯಾರೆಂದು ಕೇಳಿರಲಿಲ್ಲ. ನಾಲ್ಕು ಚಕ್ರದ ಆಸರೆಗಾಡಿಯನ್ನು ತಳ್ಳುತ್ತ, ಬೆಳ್ಳಿಯ ಬಣ್ಣದ ಹೊಸ ಸುರುಳಿಗಳನ್ನು ಹೊತ್ತು ಬಂದು, ಕುರ್ಚಿಯ ಮೇಲೆ ಕೂತು, ನಕ್ಷೆಯ ಕಡೆ ಗಲ್ಲ ತೋರಿಸಿದಳು.

"ಏನದು, ಮತ್ತೆ ಚರಂಡಿನಾ?"

"ಹಡಗು ಅಮ್ಮ."

"ಹೌದಾ. ನನಗೆ ಹಂಗೇ ಕಾಣ್ಸುತ್ತೆ."

ಅವನು ಎಂಟನೆಯ ಡೆಕ್ಕಿನ ಹಿಂಭಾಗದ ಮೂಲೆಯ ಮೇಲೆ ಬೆರಳಿಟ್ಟ. "ಇದು ನಿಂದು. ಇಡೀ ಹಡಗಿನಲ್ಲಿ ಒಳ್ಳೇ ಜಾಗ. ದೊಡ್ಡ ಬಾಲ್ಕನಿ. ನಾನೂ ನಿನ್ನ ಜೊತೆ ಇರ್ತೀನಿ."

"ಜೊತೆ ಅಂದ್ರೆ?"

"ಅದೇ ಕ್ಯಾಬಿನ್ನಲ್ಲಿ. ಎರಡು ಹಾಸಿಗೆ ಇರುತ್ತೆ."

"ಯಾರು ಹೇಳಿದ್ದು ನಿನಗೆ?"

"ಯಾರೂ ಹೇಳಿಲ್ಲ. ನಾನೇ ಒಪ್ಕೊಂಡೆ."

"ಯಾರೂ ಕೇಳದೇನೇ ಒಪ್ಕೊಂಡ್ಯಾ?" ಅಮ್ಮ ಕೈಚೀಲದ ಗುಂಡಿಯನ್ನು ಒಮ್ಮೆ ತೆಗೆದು ಮತ್ತೆ ಹಾಕಿದಳು. "ನೆವ್, ನಾನು ರಾತ್ರಿ ಮೂರು ಸಲ ಏಳ್ತೀನಿ. ಅದರಲ್ಲಿ ಎರಡು ಸಲ ತಡ ಆಗಿರುತ್ತೆ. ನಾನು ಏನು ಹೇಳ್ತಿದೀನಿ ಗೊತ್ತಾಯ್ತಾ?"

ಗೊತ್ತಾಗಲಿಲ್ಲ, ಮರುಕ್ಷಣ ಗೊತ್ತಾಯಿತು. ಕಳೆದ ಚಳಿಗಾಲದಲ್ಲಿ ಅಮ್ಮನ ಬಟ್ಟೆ ಒಗೆಯುವ ಯಂತ್ರ ಕೆಟ್ಟು ಅವನು ಹೋಗಿದ್ದ. ನೆಲದ ಮೇಲೆ ಅಂಗಾತ ಮಲಗಿ ಪಂಪು ಬಿಚ್ಚಿ, ಅದರ ಗಂಟಲಲ್ಲಿ ಸಿಕ್ಕಿದ್ದ ಗುಂಡಿಯೊಂದನ್ನು ಇಕ್ಕುಳದಿಂದ ಎಳೆದು ತೆಗೆದು ಗೆದ್ದವನಂತೆ ತೋರಿಸಿದ್ದ. ಯಂತ್ರದೊಳಗೆ ಹೊದಿಕೆ, ಹಾಸಿಗೆ ಬಟ್ಟೆ, ರಾತ್ರಿ ತೊಡುವ ಎರಡು ಅಂಗಿ. ವಾರದ ನಡುವೆ ಯಾಕಮ್ಮ ಹಾಸಿಗೆ ಬಟ್ಟೆ ಒಗೀತಿದೀಯ ಎಂದು ಕೇಳಿದ್ದಕ್ಕೆ, ಚಹಾ ಚೆಲ್ಲಿತು, ಎಂದಿದ್ದಳು. ಸರಿ ಎಂದು ನಂಬಿ, ನೀರು ಸರಾಗವಾಗಿ ಹರಿದುಹೋಗುತ್ತದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಿ ಮನೆಗೆ ಬಂದಿದ್ದ. ಒಂದು ನಗರದ ಹೊಲಸೆಲ್ಲ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆಂದು ಕಣ್ಣುಮುಚ್ಚಿ ಹೇಳಬಲ್ಲವನು.

"ಆಗ ನೀನು ಏನ್ ಮಾಡ್ತೀಯ?" ಅಮ್ಮ ಕೇಳುತ್ತಿದ್ದಳು, ಕೋಪವಿಲ್ಲದೆ. "ಬಾಲ್ಕನಿಗೆ ಹೋಗಿ ನಿಂತ್ಕೋತೀಯಾ?"

ಅವನು ಸಾಸಿನ ಬಾಟಲಿಯನ್ನು ಸ್ವಲ್ಪ ಸರಿಸಿದ. ನಕ್ಷೆಯ ಮೂಲೆ ಮೇಲೆದ್ದಿತು.

"ಕೋರಲಿ ಬರ್ತಾಳೆ ನನ್ನ ಜೊತೆ," ಎಂದಳು ಅಮ್ಮ. "ಕೇಳಿದೀನಿ. ಒಪ್ಪಿದಾಳೆ."

"ಯಾವ ಕೋರಲಿ?"

"ನೀನು ಎಷ್ಟು ಜನ ಕೋರಲಿಯರನ್ನ ಮದ್ವೆ ಆಗಿದ್ದೆ?"

ಹೊರಗೆ ಯಾವುದೋ ಕಾರಿನ ಎಂಜಿನ್ ಇನ್ನೂ ಸದ್ದು ಮಾಡುತ್ತಿರುವುದು ಅವನಿಗೆ ಆಗ ಕೇಳಿಸಿತು. "ಇಷ್ಟು ವರ್ಷ ಗುರುವಾರ ನನ್ನ ಕರ್ಕೊಂಡು ಹೋಗ್ತಿರೋದು ಯಾರು ಅಂದ್ಕೊಂಡಿದ್ದೆ?" ಎಂದಳು ಅಮ್ಮ. "ಗ್ಲೆನಿಸ್‌ಗೆ ಭಾನುವಾರವೇ ಹೇಳ್ದೆ. ನೀನೇ ಹೇಳಮ್ಮ ನೆವ್‌ಗೆ, ಅವನಿಗೆ ಪರವಾಗಿಲ್ಲ ಅಂದ್ಲು. ಹೋಗು, ಕರ್ಕೊಂಡು ಬಾ ಅವಳನ್ನ. ಬಿಸಿಲಲ್ಲಿ ಕೂತಿದಾಳೆ."

ಭಾನುವಾರ. ಅಂದರೆ ಮಂಗಳವಾರ ಸಂಜೆ, ನಿನ್ನಂಥವನು ಇನ್ನೊಬ್ಬನಿಲ್ಲ ಎನ್ನುವ ಮೊದಲಿನ ಆ ಒಂದು ಕ್ಷಣದ ಮೌನದಲ್ಲಿ, ಗ್ಲೆನಿಸ್ ಹೇಳಲೋ ಬೇಡವೋ ಎಂದು ಯೋಚಿಸಿ, ಬೇಡವೆಂದು ತೀರ್ಮಾನಿಸಿದ್ದಳು. ಕೀತ್‌ಗೂ ಗೊತ್ತಿತ್ತು. ಬಹುಶಃ ಟ್ಯಾಮ್ಸಿನ್‌ಗೂ. ಅವನ ತ್ಯಾಗವನ್ನು ಅವರೆಲ್ಲ ಮಗು ಬಿಡಿಸಿ ತಂದ ಚಿತ್ರದಂತೆ ನೋಡಿ, ಚೆನ್ನಾಗಿದೆ ಎಂದು ತಲೆ ಸವರಿ ಕಳಿಸಿದ್ದರು. ಅಂಗಳದ ಕಾಂಕ್ರೀಟು ಬಿಸಿಯಾಗಿತ್ತು, ಅವನು ಬರಿಗಾಲಲ್ಲಿ ಬಂದಿದ್ದ. ಬೆರಳುಗಳನ್ನು ಮಡಿಸಿಕೊಂಡು, ಕುಂಟುತ್ತ, ಹನ್ನೊಂದು ವರ್ಷಗಳ ಮೇಲೆ ಮಾಜಿ ಹೆಂಡತಿಯ ಕಾರಿನ ಕಿಟಕಿಯ ಬಳಿ ಹೋಗಬೇಕಾಯಿತು.

ಕೋರಲಿ ಗಾಜು ಇಳಿಸಿದಳು. ಕೂದಲು ಗಿಡ್ಡ ಮಾಡಿಸಿದ್ದಳು. ಕುತ್ತಿಗೆಯಲ್ಲಿ ಓದುವ ಕನ್ನಡಕ ನೇತಾಡುತ್ತಿತ್ತು.

"ಮೊದಲು ನೆವ್‌ನ ಕೇಳಿ ಅಂತ ನಾನು ಎನಿಡ್‌ಗೆ ಹೇಳಿದ್ದೆ," ಎಂದಳು, ಅಮ್ಮನನ್ನು ಹಿಂದಿನಂತೆಯೇ ಹೆಸರಿನಿಂದ ಕರೆಯುತ್ತ. "ಮೂರು ವಾರದಿಂದ ಹೇಳ್ತಿದೀನಿ."

"ಇವತ್ತು ಹೇಳಿದ್ಲು."

"ಗೊತ್ತಾಯ್ತು. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ." ಅವಳು ಎಂಜಿನ್ ಆರಿಸಿದಳು. "ನೋಡು, ನನಗೆ ಇದು ಕೆಲಸ ಇದ್ದಂಗೆ. ಆಸ್ಪತ್ರೇಲಿ ನಲವತ್ತು ವರ್ಷ ಇದನ್ನೇ ಮಾಡ್ದೆ. ಅವರಿಗೆ ನನ್ನ ಹತ್ರ ನಾಚಿಕೆ ಇಲ್ಲ, ಅಷ್ಟೆ. ಆದ್ರೆ ನಿನಗೆ ಬೇಡ ಅಂದ್ರೆ ಈಗಲೇ ಹೇಳಿಬಿಡು. ಬರಲ್ಲ."

ಬೇಡ ಎಂಬುದು ಅವನ ಬಾಯಲ್ಲಿತ್ತು. ಪೂರ್ತಿಯಾಗಿ, ಆಕಾರ ತಳೆದು, ನಾಲಿಗೆಯ ಮೇಲೆ ಕೂತಿತ್ತು. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕು. ಹೇಳಿದರೆ ಬಾಲ್ಕನಿ, ಬಿಯರ್, ಬಿಳಿ ದಾರಿ ಎಲ್ಲ ಈ ಬಿಸಿಲಲ್ಲಿ ಹೊರಗೆ ಬರಬೇಕು.

"ನನಗೇನು, ಪರವಾಗಿಲ್ಲ," ಎಂದ.

ಕೋರಲಿ ಕಾರಿನ ಕೀಲಿ ಕಿತ್ತು ಕೈಚೀಲಕ್ಕೆ ಹಾಕಿದಳು. "ಇಪ್ಪತ್ತೆರಡು ವರ್ಷ ಈ ಮಾತು ಕೇಳಿದೀನಿ ನಾನು," ಎಂದಳು. "ಬೇಡ ಅಂತ ಒಂದು ಸಲ ಕಿರುಚಿದ್ರೆ ಜಗಳ ಆಡಿ ಮಲಗಬಹುದಿತ್ತು, ನೆವ್." ಆಮೇಲೆ ಇಳಿದು, ಅವನನ್ನು ದಾಟಿ, ತಾನೇ ಒಂದು ಕಾಲದಲ್ಲಿ ಬಣ್ಣ ಆರಿಸಿದ್ದ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋದಳು.

ಅಮ್ಮ ಏಳಬೇಕಾಗಿತ್ತು. ನೆವಿಲ್ ಕೈ ಚಾಚಿ ಮುಂದೆ ಬಂದ. ಎಳೆಯುವುದೋ, ಎತ್ತುವುದೋ, ಎಲ್ಲಿ ಹಿಡಿಯುವುದೋ ತಿಳಿಯದೆ ಕೈ ಗಾಳಿಯಲ್ಲೇ ನಿಂತಿತು. ಕೋರಲಿ ಪಾದವನ್ನು ಆಸರೆಗಾಡಿಯ ಚಕ್ರಕ್ಕೆ ಒತ್ತಿ ನಿಲ್ಲಿಸಿ, ಒಂದು ಕೈ ಅಮ್ಮನ ಕಂಕುಳಿಗೆ ಕೊಟ್ಟು, ಇನ್ನೊಂದನ್ನು ಬೆನ್ನಿಗೆ ತಾಗಿಸಿ, "ಮೂಗು ಮುಂದೆ, ಎನಿಡ್," ಎಂದಳು. ಅಮ್ಮ ಮೂಗು ಮುಂದೆ ಮಾಡಿದಳು, ಎದ್ದಳು. ಇಬ್ಬರೂ ಮಾತು ನಿಲ್ಲಿಸಲಿಲ್ಲ. ಯಾರದೋ ಕೆಟ್ಟದಾಗಿ ಬಣ್ಣ ಹಾಕಿಸಿಕೊಂಡ ಕೂದಲಿನ ಬಗ್ಗೆ ನಗುತ್ತಿದ್ದರು. ಅಮ್ಮ ಬಚ್ಚಲಿಗೆ ಹೋದ ಮೇಲೆ ಕೋರಲಿ ಮೇಜಿನ ಬಳಿ ನಿಂತು, ಕನ್ನಡಕ ಏರಿಸಿ, ಕೆಳಗಿನ ಹಾಳೆಯನ್ನೂ ಮೇಲಿನ ಹಾಳೆಯನ್ನೂ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಹಾಗೆ ನೋಡುವುದನ್ನು ಅವಳಿಗೆ ಕಲಿಸಿದವನು ಅವನೇ, ಈ ಮನೆ ಕೊಳ್ಳುವ ಮುಂಚೆ.

"ಕೀತ್‌ನ ಇಲ್ಲಿ ಹಾಕಿದ್ಯಾ?"

"ಹೂಂ."

"ಮೇಲೆ ತಿಂಡಿ ಹಾಲ್ ಇದೆ."

ಅವನು ಪೆನ್ಸಿಲ್ ಎತ್ತಿ ಅದರ ಮೊನೆ ನೋಡಿದ. ಕೋರಲಿ ಹಾಳೆ ಕೆಳಗಿಟ್ಟು ಅವನನ್ನು ನೋಡಿದಳು, ಅವಳ ಬಾಯಿಯ ಒಂದು ಬದಿ ನಿಧಾನವಾಗಿ ಮೇಲೆ ಹೋಯಿತು. ಯಾರಿಗೂ ಕಾಣದ್ದನ್ನು ಇವಳು ಅರ್ಧ ನಿಮಿಷದಲ್ಲಿ ಕಂಡುಹಿಡಿದಿದ್ದಳು. ಸಿಕ್ಕಿಬಿದ್ದ ನಾಚಿಕೆಯ ಜೊತೆಗೇ ಅವನಿಗೆ ಇನ್ನೇನೋ ಆಯಿತು, ತುಂಬ ದಿನಗಳ ಮೇಲೆ ಯಾರೋ ಹೆಸರು ಹಿಡಿದು ಕರೆದಂತೆ. ಅವನು ನಗಲೂ ಹೊರಟಿದ್ದ. ಅಷ್ಟರಲ್ಲಿ ಅಮ್ಮ ಬಾಗಿಲ ಆಚೆಯಿಂದ ಕೂಗಿದಳು, ಅವನನ್ನಲ್ಲ.

ಅವರು ಹೋದ ಮೇಲೆ ಅವನು ಬ್ರೆಡ್ಡು ಸುಟ್ಟುಕೊಂಡು ನಿಂತೇ ತಿಂದ. ಎಂಟನೆಯ ಡೆಕ್ಕಿನ ಮೂಲೆಯ ಚೌಕದಲ್ಲಿ ತನ್ನ ಹೆಸರನ್ನು ಅಳಿಸಿ 'ಕೋರಲಿ' ಎಂದು ಬರೆದ. ಬಾಲ್ಕನಿಯ ಮೇಲೆ ಅಳಿಸಿದ ಕೊಳೆ ಉಳಿಯಿತು. ಈಗ ಕೀತ್‌ಗೆ ಬೇರೆ ಕ್ಯಾಬಿನ್ ಕೊಟ್ಟು, ಆ ಕುರ್ಚಿಗಳ ಕೆಳಗಿನದನ್ನು ತಾನೇ ತೆಗೆದುಕೊಂಡರೆ ಹೇಗೆ ಎಂದು ಯೋಚಿಸಿದ. ಬೆಳಿಗ್ಗೆ ಐದಕ್ಕೆ ಎದ್ದು, ಕೆಂಪು ಕಣ್ಣಿನಿಂದ ತಿಂಡಿಗೆ ಬಂದು, ಏನೂ ಹೇಳದೆ ಕೂರುವುದು. ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ದೃಶ್ಯ ಎಷ್ಟು ರುಚಿಯಾಗಿ ಕಂಡಿತೆಂದರೆ ಅವನಿಗೆ ತನ್ನ ಮೇಲೇ ಅಸಹ್ಯವಾಗಿ, ಬ್ರೆಡ್ಡಿನ ಅಂಚನ್ನು ಸಿಂಕಿಗೆ ಎಸೆದ. ಕೆಟ್ಟ ಕ್ಯಾಬಿನ್ ಅನ್ನು ಸಹ ಯಾರಾದರೂ ನೋಡಿ ಮರುಗಲಿ ಎಂಬ ಆಸೆಯಿಲ್ಲದೆ ಆರಿಸಿಕೊಳ್ಳಲು ಬಾರದ ಮನುಷ್ಯ ತಾನು. ಕೀತ್ ಅಲ್ಲೇ ಇರಲಿ.

ಮೂರೂವರೆಗೆ ಏಜೆನ್ಸಿಯ ಮರೀಸಾಗೆ ಫೋನ್ ಮಾಡಿದ. ಅವಳ ದನಿಯಲ್ಲಿ ಸದಾ ಯಾರದೋ ಹುಟ್ಟುಹಬ್ಬ.

"ಒಂಬತ್ತರಲ್ಲಿ ಆ ಕ್ಯಾಬಿನ್ ಕೆಲವರಿಗೆ ಸದ್ದು ಅನ್ಸುತ್ತೆ ನೆವಿಲ್, ಅಲ್ಲೇ ಇರ್ಲಾ?"

"ಅವರು ಎಲ್ಲಾದ್ರೂ ಸರಿ ಅಂದಿದಾರೆ."

"ಒಳ್ಳೇದು. ಈಗ ನಿಮಗೆ ಒಬ್ಬರಿಗೇ ಅಲ್ವಾ? ಬಾಲ್ಕನಿ ಯಾವುದೂ ಉಳಿದಿಲ್ಲ. ಕಿಟಕಿ ಇರೋದೂ ಹೋಯ್ತು. ಐದನೇ ಡೆಕ್ಕಲ್ಲಿ ಒಳಗಡೆದು ಒಂದಿದೆ. ಪೂರ್ತಿ ಕತ್ತಲೆ. ತುಂಬಾ ಜನಕ್ಕೆ ಅದೇ ಇಷ್ಟ, ಮಕ್ಕಳ ಥರ ನಿದ್ದೆ ಬರುತ್ತಂತೆ."

"ಮೇಲೆ ಏನಿದೆ?"

"ಮೇಲೆ? ನೋಡಿ ಹೇಳ್ತೀನಿ… ಏನೂ ಇಲ್ಲ. ಬೆಡ್‌ಶೀಟ್ ಇಡೋ ಜಾಗ."

"ಸರಿ," ಎಂದ ನೆವಿಲ್. ಪರವಾಗಿಲ್ಲ ಎನ್ನಲಿಲ್ಲ, ಯಾರೂ ಕೇಳಿರಲೂ ಇಲ್ಲ.

"ಇನ್ನೊಂದೇ ಬಾಕಿ. ಪ್ರತಿಯೊಬ್ಬರಿಗೂ ಹಡಗಲ್ಲಿ ಇಲ್ಲದವರ ಒಂದು ಹೆಸರು, ನಂಬರ್ ಬೇಕು. ಏನಾದ್ರೂ ಆದ್ರೆ ಫೋನ್ ಮಾಡೋದಕ್ಕೆ. ಅದು ಬರದೆ ಕಂಪ್ಯೂಟರ್ ಮುಂದಕ್ಕೆ ಬಿಡಲ್ಲ. ಐದರೊಳಗೆ ಕಳಿಸ್ತೀರಾ?"

ಉಳಿದವರದು ಅರ್ಧ ಗಂಟೆಯಲ್ಲಿ ಬಂದವು. ಕೀತ್‌ಗೆ ಗಾಲ್ಫ್ ಆಡುವ ಗೆಳೆಯ, ಗ್ಲೆನಿಸ್‌ಗೆ ಪಕ್ಕದ ಹೂವಿನ ಅಂಗಡಿಯವಳು, ಟ್ಯಾಮ್ಸಿನ್‌ಗೆ ಅವಳ ನಾಯಿ ನೋಡಿಕೊಳ್ಳುವ ಹುಡುಗಿ, ಅಮ್ಮನಿಗೆ ಪಾದ್ರಿ, ಕೋರಲಿಗೆ ಬಂಡಬರ್ಗಿನ ಅಕ್ಕ. ಅವನ ಸಾಲು ಖಾಲಿ ಉಳಿಯಿತು. ಇಪ್ಪತ್ತೆರಡು ವರ್ಷ ಎಲ್ಲ ಫಾರಮುಗಳ ಆ ಸಾಲಿನಲ್ಲಿ ಅವನು ಯೋಚಿಸದೆ ಕೋರಲಿ ಎಂದು ಬರೆದಿದ್ದ. ಅವಳು ಹೋದ ಮೇಲೆ ಅಮ್ಮ. ಅಮ್ಮನಿಗೆ ಫೋನ್ ಸರಿಯಾಗಿ ಕೇಳಿಸದಾದ ಮೇಲೆ ಗ್ಲೆನಿಸ್. ಈಗ ಮೂವರೂ ಒಂದೇ ಹಡಗಿನಲ್ಲಿ. ಕಚೇರಿಯ ಗೆಳೆಯರಲ್ಲಿ ಒಬ್ಬ ತೀರಿಕೊಂಡಿದ್ದ. ಇನ್ನೊಬ್ಬ ಪರ್ತ್‌ಗೆ ಹೋದವನು, ನಂಬರ್ ಹಾಕಿ ನೋಡಿದರೆ ಯಾವುದೋ ಟೈರ್ ಅಂಗಡಿ. ಡಾಕ್ಟರ ಕ್ಲಿನಿಕ್ ಬರೆಯಬಹುದೇ ಎಂದು ಯೋಚಿಸಿದ. ಹಡಗಿನವರು ಫೋನ್ ಮಾಡಿದಾಗ, ಒಂದು ಒತ್ತಿ, ಎರಡು ಒತ್ತಿ, ಎಂದು ಯಂತ್ರ ಹೇಳುವುದು ಕಿವಿಯಲ್ಲಿ ಕೇಳಿಸಿತು. ಗಂಟೆ ನಾಲ್ಕೂಮುಕ್ಕಾಲು.

ಬೇಲಿಯಾಚೆ ಹುಲ್ಲು ಕತ್ತರಿಸುವ ಯಂತ್ರದ ಸದ್ದಾಗುತ್ತಿತ್ತು. ಪಕ್ಕದ ಮನೆಯ ಸಮೋವಾ ದ್ವೀಪದವನು, ಮರಗೆಲಸದವನು. ಒಂಬತ್ತು ವರ್ಷದಿಂದ ಕಸದ ಡಬ್ಬಿ ಹೊರಗಿಡುವಾಗ ಅವನಿಗೆ ನೆವಿಲ್ ಕೈಯೆತ್ತುತ್ತಾನೆ, ಅವನು ಹುಬ್ಬೆತ್ತುತ್ತಾನೆ. ಒಮ್ಮೆ ಅವನ ಮನೆಯ ಮದುವೆಯಿಂದ ಒಂದು ತಟ್ಟೆ ಹಂದಿಮಾಂಸ ಬಂದಿತ್ತು. ತಟ್ಟೆಯನ್ನು ನೆವಿಲ್ ತೊಳೆದು, ಯಾರೂ ಇಲ್ಲದ ಹೊತ್ತು ನೋಡಿ, ಅವರ ಮೆಟ್ಟಿಲ ಮೇಲಿಟ್ಟು ಬಂದಿದ್ದ. ಈಗ ಫಾರಂ ಹಿಡಿದು ಬೇಲಿಯ ಬಳಿ ಹೋಗಿ ನಿಂತ. ಆ ಮನುಷ್ಯ ಯಂತ್ರ ಆರಿಸಿದ.

"ಡೇವ್," ಎಂದ ನೆವಿಲ್, "ಒಂದು ಸಣ್ಣ ಸಹಾಯ. ನಾನು ಹಡಗಲ್ಲಿ ಹೋಗ್ತಿದೀನಿ. ಅವರಿಗೆ ಒಂದು ಹೆಸರು ಬೇಕಂತೆ, ಊರಲ್ಲಿ ಇರೋರದ್ದು. ನಿಮ್ಮ ಹೆಸರು ಬರೀಲಾ?"

"ಬರೀರಿ ಬರೀರಿ, ಅದಕ್ಕೇನಂತೆ." ಬೆವರು ಒರೆಸಿಕೊಂಡು ಬೇಲಿಯ ಹತ್ತಿರ ಬಂದ. "ಆದ್ರೆ ಡೇವ್ ಅಂತ ಬರೀಬೇಡಿ. ಅದು ಕೆಲಸದ ಕಡೆ ಕರೆಯೋದು. ತಾವಿತ. ತಾವಿತ ಲೆಯಾವಾಸ."

ನೆವಿಲ್ ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡ. ನಂಬರನ್ನೂ ಬರೆದುಕೊಂಡ. ಥ್ಯಾಂಕ್ಸ್ ಹೇಳಿ ತಿರುಗಿದ.

"ನಿಲ್ಲಿ ನಿಲ್ಲಿ. ಫೋನ್ ಬಂದ್ರೆ ನಾನು ಏನ್ ಮಾಡ್ಬೇಕು?"

"ಏನಿಲ್ಲ. ಬರಲ್ಲ ಬಿಡಿ. ಬಂದ್ರೆ, ನನಗೆ ಹೀಗೀಗಾಯ್ತು ಅಂತ ಹೇಳ್ತಾರೆ. ಕೇಳಿಸ್ಕೊಂಡ್ರೆ ಸಾಕು."

"ಕೇಳಿಸ್ಕೊಂಡು ಸುಮ್ನೆ ಇರೋಕಾಗುತ್ತಾ ಮಾರಾಯ್ರೆ?" ತಾವಿತ ಹುಬ್ಬು ಗಂಟಿಕ್ಕಿದ. ಅವನು ಇದನ್ನು ನಿಜವಾಗಿ ಯೋಚಿಸುತ್ತಿದ್ದ. ಹಡಗು, ಫೋನು, ಪಕ್ಕದ ಮನೆಯವನ ಸಾವು ಎಲ್ಲವೂ ಅವನ ಅಗಲವಾದ ಮುಖದ ಮೇಲೆ ಒಂದೊಂದಾಗಿ ಬಂದು ಕೂರುತ್ತಿದ್ದವು. "ಯಾರಿಗಾದ್ರೂ ತಿಳಿಸ್ಬೇಕಲ್ಲ. ಯಾರಿಗೆ ಹೇಳ್ಲಿ?"

ನೆವಿಲ್ ಬಾಯಿ ತೆರೆದ. ಕತ್ತರಿಸಿದ ಹುಲ್ಲಿನ ಹಸಿ ವಾಸನೆ ಮೂಗಿಗೆ ಬಡಿಯಿತು. ತಾವಿತ ಅವಸರ ಮಾಡಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತು, ಎಡಗೈಯ ಅಂಗೈಯನ್ನು ಅಂಗಿಗೆ ಒರೆಸಿ ಒಣಗಿಸಿಕೊಂಡು, ಹೆಸರು ಬರೆದುಕೊಳ್ಳಲು ಬೇಲಿಗೆ ಒರಗಿ ಕಾಯುತ್ತ ನಿಂತ.